‘ಎಲ್ಲಾ ಚಲೋ ಆತ್ರಿ’ ಎಂಬ ಉತ್ತರದ ಆಚೆಗೆ: ಹೆರಿಗೆ ಆರೈಕೆಯ ಅನುಭವವನ್ನು ಬಾಣಂತಿಯರಿಂದ ಕೇಳಿ ದಾಖಲಿಸುವ ಬಗೆ

ಹೆರಿಗೆಯಾಗಿ ಮನೆಗೆ ಬಂದ ಬಾಣಂತಿಯನ್ನು ‘ದವಾಖಾನ್ಯಾಗ ಹೆಂಗ ನೋಡ್ಕೊಂಡ್ರು?’ ಎಂದು ಕೇಳಿದರೆ ಕೊಪ್ಪಳ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ‘ಎಲ್ಲಾ ಚಲೋ ಆತ್ರಿ’ ಎಂಬುದು. ಈ ಉತ್ತರ ಸುಳ್ಳೇನಲ್ಲ. ತಾನು ಬದುಕಿ ಬಂದಿದ್ದೇನೆ, ಕೂಸು ಮಡಿಲಲ್ಲಿದೆ, ಸಾಲ ಹೆಚ್ಚಾಗಲಿಲ್ಲ ಎಂಬ ನೆಮ್ಮದಿಯೇ ಆಕೆಯ ಬಾಯಿಂದ ಹಾಗೆ ಬರುತ್ತದೆ. ಅದೇ ದವಾಖಾನೆಗೆ ಕೂಸಿನ ಚುಚ್ಚುಮದ್ದಿಗೂ ಮುಂದಿನ ಹೆರಿಗೆಗೂ ಹೋಗಬೇಕಾದವಳು ಅಲ್ಲಿನವರ ಮೇಲೆ ಹೇಳಿಕೆ ಕೊಟ್ಟಂತಾಗಬಾರದೆಂಬ ಎಚ್ಚರವೂ, ಬಾಗಿಲ ಬಳಿ ಕುಳಿತ ಅತ್ತೆಯ ಕಿವಿಯೂ ಅದಕ್ಕೆ ಸೇರಿರುತ್ತವೆ. ಹೀಗಾಗಿ ಆರೈಕೆ ಹೇಗಿತ್ತು ಎಂಬುದನ್ನು ತಿಳಿಯಬೇಕಾದವರು ‘ಹೇಗಿತ್ತು’ ಎಂಬ ಪ್ರಶ್ನೆಯನ್ನು ಬಿಟ್ಟು ‘ಏನಾಯಿತು’ ಎಂದು ಕೇಳುವುದನ್ನು ಕಲಿಯಬೇಕಾಗುತ್ತದೆ. ಸ್ವಸಹಾಯ ಸಂಘದ ಪ್ರತಿನಿಧಿಗಳು, ಗ್ರಾಮ ಆರೋಗ್ಯ ಸಮಿತಿಯ ಸದಸ್ಯೆಯರು, ನರ್ಸಿಂಗ್ ವಿದ್ಯಾರ್ಥಿನಿಯರು ಇಂಥ ಕೆಲಸಕ್ಕೆ ಇಳಿದಾಗ ಅನುಸರಿಸಬಹುದಾದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲಿಗೆ ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಈ ಕೆಲಸ ಆರಂಭಿಸಿದಾಗ ಅಚ್ಚು ಹಾಕಿಸಿದ ಪ್ರಶ್ನಾವಳಿಯನ್ನು ಹಿಡಿದು ಮನೆಯಿಂದ ಮನೆಗೆ ಹೋದೆ. ಹೌದು, ಇಲ್ಲ ಎಂಬ ಚೌಕಗಳಲ್ಲಿ ಗುರುತು ಹಾಕುತ್ತ ಎರಡೇ ದಿನಗಳಲ್ಲಿ ಒಂದು ಊರನ್ನು ಮುಗಿಸಿದೆ. ಹಾಳೆಗಳೆಲ್ಲ ಆಸ್ಪತ್ರೆಯನ್ನು ಹೊಗಳುತ್ತಿದ್ದವು. ಕೊನೆಯ ಮನೆಯಲ್ಲಿ ಪೆನ್ನು ಮುಚ್ಚಿ ಚೀಲಕ್ಕೆ ಹಾಕಿದ ಮೇಲೆ, ನನ್ನನ್ನು ಅಂಗಳದವರೆಗೆ ಬಿಡಲು ಬಂದ ಬಾಣಂತಿ ತಾನಾಗಿಯೇ ಹೇಳಿದಳು: ಹೊಲಿಗೆ ಹಾಕುವಾಗ ಮರಗಟ್ಟುವ ಸೂಜಿ ಕೊಟ್ಟಿರಲಿಲ್ಲ, ಚೀರಿದಾಗ ಬಾಯಿ ಮುಚ್ಚಿಕೊಳ್ಳಲು ಹೇಳಿದ್ದರು. ನನ್ನ ಹಾಳೆಯಲ್ಲಿ ಅದಕ್ಕೆ ಚೌಕವೇ ಇರಲಿಲ್ಲ.

ಯಾರ ಬಗ್ಗೆ ಕೇಳುತ್ತಿದ್ದೇವೆ

ಪದಗಳಿಂದಲೇ ತೊಡಕು ಶುರುವಾಗುತ್ತದೆ. ‘ಸೂಲಗಿತ್ತಿ’ ಎಂದರೆ ನಮ್ಮ ಕಡೆಯವರ ಮನಸ್ಸಿಗೆ ಬರುವುದು ಊರಿನ ಅನುಭವಿ ಮುದುಕಿ. ಪಾವಗಡ ತಾಲ್ಲೂಕಿನಲ್ಲಿ ಸಾವಿರಾರು ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡ ಸೂಲಗಿತ್ತಿ ನರಸಮ್ಮನವರ ಚಿತ್ರವೂ ಬರಬಹುದು. ‘ಮಿಡ್‌ವೈಫ್’ ಎಂದರೆ ಅರ್ಥವಾಗದು. ಎಎನ್‌ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್) ಮತ್ತು ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಎಂಬ ಹೆಸರುಗಳ ಕೊನೆಯ ಅಕ್ಷರ ಸೂಚಿಸುವುದು ಹೆರಿಗೆ ಶುಶ್ರೂಷೆಯ ಈ ವಿದ್ಯೆಯನ್ನೇ ಆದರೂ ಜನ ಅವರನ್ನು ಕರೆಯುವುದು ‘ಸಿಸ್ಟರ್’ ಎಂದು, ‘ನರ್ಸಮ್ಮ’ ಎಂದು. 2018ರಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿಯನ್ನು ಹೊರಡಿಸಿ, ನರ್ಸುಗಳಿಗೆ 18 ತಿಂಗಳ ಪ್ರತ್ಯೇಕ ತರಬೇತಿ ಕೊಟ್ಟು ಸಹಜ ಹೆರಿಗೆಗಳ ಹೊಣೆಯನ್ನು ಅವರಿಗೆ ವಹಿಸುವ ವ್ಯವಸ್ಥೆಯನ್ನು ರೂಪಿಸಿತು. ಆದರೆ ಹಳ್ಳಿಯ ಹೆಣ್ಣುಮಗಳು ತನ್ನನ್ನು ಮುಟ್ಟಿದವರು ಯಾವ ತರಬೇತಿಯವರೆಂದು ಹೇಳಲಾರಳು. ಆದ್ದರಿಂದ ಹುದ್ದೆಯನ್ನು ಕೇಳದೆ ‘ಕೂಸನ್ನ ಕೈಯಾಗ ಹಿಡಿದಾಕಿ ಯಾರು? ಆಕಿ ಹೆಸರು ಹೇಳಿದ್ಲೇನು?’ ಎಂದು ಕೇಳಿ. ಹೆಸರು ಗೊತ್ತಿಲ್ಲ, ಬಿಳಿ ಸೀರೆಯಾಕೆಯೋ ಆಯಾಳೋ ತಿಳಿಯಲಿಲ್ಲ ಎಂಬ ಉತ್ತರ ಬಂದರೆ ಅದನ್ನೂ ಬರೆದುಕೊಳ್ಳಿ. ತನ್ನ ಹೆಸರು ಹೇಳಿ ಪರಿಚಯ ಮಾಡಿಕೊಳ್ಳುವುದು ಒಳ್ಳೆಯ ಆರೈಕೆಯ ಮೊದಲ ಹೆಜ್ಜೆಯಾಗಿರುವುದರಿಂದ ಆ ಅಜ್ಞಾನವೇ ಒಂದು ಮಾಹಿತಿ.

ಯಾವಾಗ, ಎಲ್ಲಿ, ಯಾರ ಎದುರು

ವಾರ್ಡಿನಲ್ಲಿ ಕೇಳಬೇಡಿ, ಡಿಸ್ಚಾರ್ಜ್ ಚೀಟಿ ಕೈಗೆ ಬರುವ ಮೊದಲು ಯಾರೂ ಬಾಯಿ ಬಿಡುವುದಿಲ್ಲ. ಮೊದಲ ವಾರ ಹೊಲಿಗೆಯ ನೋವು, ಎದೆಹಾಲಿನ ಚಿಂತೆ, ನಿದ್ದೆಗೇಡುಗಳ ನಡುವೆ ಆಕೆಗೆ ಮಾತು ಬೇಕಾಗಿರುವುದಿಲ್ಲ. ಮೂರನೆಯ ವಾರದಿಂದ ಮೂರನೆಯ ತಿಂಗಳವರೆಗಿನ ಅವಧಿ ಅನುಕೂಲವೆಂಬುದು ನನ್ನ ಅನುಭವ: ಘಟನೆಗಳು ಇನ್ನೂ ಹಸಿಯಾಗಿರುತ್ತವೆ, ನೆಮ್ಮದಿಯ ಮೊದಲ ಅಲೆ ಇಳಿದಿರುತ್ತದೆ.

ಆಶಾ ಕಾರ್ಯಕರ್ತೆ ಆಸ್ಪತ್ರೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನಗಳಂದು ಹೇಗೂ ಮನೆಗೆ ಹೋಗುತ್ತಾಳೆ, ಅವಳೇ ಕೇಳಲಿ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಇದಕ್ಕೆ ನನ್ನ ಸಮ್ಮತಿಯಿಲ್ಲ. ಆ ಭೇಟಿಗಳು ಕೂಸಿನ ತೂಕ, ಹೊಕ್ಕಳು, ಉಸಿರಾಟ, ತಾಯಿಯ ರಕ್ತಸ್ರಾವ, ಜ್ವರಗಳನ್ನು ನೋಡಲು ಇರುವಂಥವು, ಅವುಗಳಿಗೇ ಸಮಯ ಸಾಲದು. ಜೊತೆಗೆ ಆಕೆಯನ್ನು ದವಾಖಾನೆಗೆ ಕರೆದೊಯ್ದವಳು ಅದೇ ಆಶಾ ಆಗಿರುವಾಗ, ಅಲ್ಲಿ ಆದದ್ದನ್ನು ದೂರುವುದು ಅವಳನ್ನೇ ದೂರಿದಂತೆ ಬಾಣಂತಿಗೆ ಅನ್ನಿಸುತ್ತದೆ. ಆಶಾ ಮನೆ ತೋರಿಸಲಿ, ಪರಿಚಯ ಮಾಡಿಸಲಿ, ನಂತರ ಹೊರಟುಬಿಡಲಿ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದರಿಂದ ತಾಯಿ ಕಾರ್ಡಿನಲ್ಲಿರುವ ಊರಿನಲ್ಲಿ ಬಾಣಂತಿ ಸಿಗದೇ ಇರಬಹುದು; ತವರಿನಲ್ಲಿ ಸಿಕ್ಕರೆ ಒಳ್ಳೆಯದೇ, ಅವ್ವನ ಮನೆಯಲ್ಲಿ ಮಾತು ಸಲೀಸು. ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯ ಒಣ ಬೇಸಾಯದ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಗುಳೆ ಹೋಗುತ್ತವೆ, ಕೂಸನ್ನು ಎತ್ತಿಕೊಂಡು ಬಾಣಂತಿಯೂ ಹೋಗುತ್ತಾಳೆ. ಆ ತಿಂಗಳುಗಳಲ್ಲಿ ಮಾತ್ರ ಕೇಳಿದರೆ ಊರಿನಲ್ಲಿ ಉಳಿಯುವಷ್ಟು ಅನುಕೂಲವಿದ್ದವರ ಮಾತಷ್ಟೇ ದಾಖಲಾಗುತ್ತದೆ. ಸಿಂಧನೂರು, ಗಂಗಾವತಿಯ ಕಾಲುವೆ ಪ್ರದೇಶದ ಕ್ಯಾಂಪುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪಟ್ಟಣದ ಓಣಿಗಳಲ್ಲಿ ಉರ್ದು ಮನೆಮಾತಾಗಿರುತ್ತದೆ. ಆ ಭಾಷೆ ಬಲ್ಲ ಹೆಣ್ಣುಮಗಳನ್ನೇ ಜೊತೆಗೆ ಕರೆದೊಯ್ಯಿರಿ. ಗಂಡನನ್ನೋ ಶಾಲೆಗೆ ಹೋಗುವ ಮಗಳನ್ನೋ ದುಭಾಷಿಯಾಗಿಸಿದರೆ ಒಳಪರೀಕ್ಷೆಯ ಮಾತು ಬರುವುದೇ ಇಲ್ಲ.

ಒಂದೇ ಕೋಣೆಯ ಮನೆಯಲ್ಲಿ ಏಕಾಂತವೆಂಬುದು ಹೇಳಿದಷ್ಟು ಸುಲಭವಲ್ಲ. ಇಬ್ಬರು ಹೋಗುವುದು ನಾನು ಕಂಡುಕೊಂಡ ಉಪಾಯ. ಒಬ್ಬರು ಬಾಣಂತಿಯ ಬಳಿ ಕುಳಿತರೆ, ವಯಸ್ಸಾದ ಇನ್ನೊಬ್ಬರು ಅತ್ತೆಯ ಜೊತೆ ಕಟ್ಟೆಯ ಮೇಲೆ ಕುಳಿತು ಆಕೆಯ ಕಾಲದ ಹೆರಿಗೆಗಳ ಕಥೆ ಕೇಳಬೇಕು. ಅದು ಬರೀ ನೆಪವಾಗದಿರಲಿ. ಮನೆಯಲ್ಲಿ ಹಡೆದವಳು ಸೊಸೆಯನ್ನು ದವಾಖಾನೆಗೆ ಕಳಿಸಿದ ಕಾರಣವೇನೆಂಬುದು ದಾಖಲಿಸಲು ಯೋಗ್ಯವಾದ ವಿಷಯ. ಮಾತು ಆರಂಭಿಸುವ ಮುನ್ನ ನೀವು ಯಾರು, ಏತಕ್ಕೆ ಕೇಳುತ್ತಿದ್ದೀರಿ, ಯಾರಿಗೆ ತಿಳಿಸುತ್ತೀರಿ, ಬೇಡವೆನಿಸಿದ ಪ್ರಶ್ನೆಗೆ ಉತ್ತರಿಸಬೇಕಿಲ್ಲ, ಇದರಿಂದ ಆಕೆಗೆ ಬರಬೇಕಾದ ಹಣವಾಗಲಿ ಸೌಲಭ್ಯವಾಗಲಿ ಹೆಚ್ಚೂ ಆಗದು ಕಡಿಮೆಯೂ ಆಗದು ಎಂಬುದನ್ನು ಬಿಡಿಸಿ ಹೇಳಿ, ಆಕೆ ಒಪ್ಪಿದರಷ್ಟೇ ಮುಂದುವರಿಯಿರಿ. ಕೂಸು ಉಳಿಯದ ಮನೆಗೆ ಪಟ್ಟಿಯಲ್ಲಿ ಹೆಸರಿದೆಯೆಂದು ಹೋಗಬಾರದು. ಮೊದಲೇ ವಿಚಾರಿಸಿಕೊಂಡು, ಆಕೆಯೇ ಮಾತನಾಡಲು ಬಯಸಿದ್ದಾಳೆಂದು ಹತ್ತಿರದವರಿಂದ ತಿಳಿದ ಮೇಲೆ, ಹಾಳೆ ಪೆನ್ನು ಇಲ್ಲದೆ ಹೋಗಿ ಕುಳಿತುಕೊಳ್ಳಿ.

ಕೇಳುವ ಕ್ರಮ

ಹೆರಿಗೆಯನ್ನು ಪ್ರಯಾಣವೆಂದು ತಿಳಿದು ಮನೆಯ ಹೊಸ್ತಿಲಿನಿಂದ ಹಿಡಿದು ಮರಳಿ ಹೊಸ್ತಿಲು ತುಳಿಯುವವರೆಗೆ ಹೇಳಿಸಿಕೊಳ್ಳಿ. ‘ಬ್ಯಾನಿ ಶುರುವಾದಾಗ ಎಲ್ಲಿದ್ದಿ ತಂಗಿ? ಆಮ್ಯಾಲೆ ಏನಾತು?’ ಎಂಬ ಎರಡು ಮಾತು ಸಾಕು, ಮುಂದಿನದನ್ನು ಆಕೆಯೇ ಹೇಳುತ್ತಾಳೆ. ಕಾಲಕ್ರಮದಲ್ಲಿ ಹೇಳುವಾಗ ನೆನಪು ಒಂದರ ಕೈ ಹಿಡಿದು ಇನ್ನೊಂದು ಬರುತ್ತದೆ. 108ರ ಗಾಡಿ ಎಷ್ಟು ಹೊತ್ತಿಗೆ ಬಂತು, ಒಂದು ದವಾಖಾನೆಯವರು ಇನ್ನೊಂದಕ್ಕೆ ಕಳಿಸಿದರೆ ಕಾರಣ ಹೇಳಿದರೇ, ಗಾಡಿಯಲ್ಲಿ ಜೊತೆಗೆ ಯಾರಿದ್ದರು ಎಂಬುದೆಲ್ಲ ಕೇಳದೆಯೇ ಸಿಗುತ್ತದೆ. ನಡುವೆ ಬಿಟ್ಟುಹೋದದ್ದನ್ನು ಮಾತ್ರ ನೀವು ಕೇಳಬೇಕು.

ತೀರ್ಪು ಬೇಡುವ ಪ್ರಶ್ನೆಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ‘ಬೈದರೇ?’ ಎಂದರೆ ‘ಇಲ್ರಿ’ ಎನ್ನುತ್ತಾರೆ, ‘ಚೀರಿದಾಗ ಏನಂದ್ರು?’ ಎಂದರೆ ಅಂದ ಮಾತು ಅಕ್ಷರಶಃ ಹೊರಬರುತ್ತದೆ. ‘ಹೊಡೆದರೇ?’ ಎಂಬುದಕ್ಕೆ ‘ಹೊಡಿಲಿಲ್ರಿ, ತೊಡಿಗೆ ಎರಡು ಏಟು ಹಾಕಿದ್ರು, ನನ್ನ ಚಲೋಕ್ಕ’ ಎಂಬಂಥ ಉತ್ತರ ಬರುವುದುಂಟು. ಈ ಉತ್ತರದಲ್ಲಿ ಎರಡು ಸಂಗತಿಗಳಿವೆ: ಏಟು ಬಿದ್ದದ್ದು ಒಂದು, ಆಕೆ ಅದಕ್ಕೆ ಕೊಟ್ಟ ಅರ್ಥ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ. ಅದನ್ನು ಹಿಂಸೆಯೆಂದು ಆಕೆಗೆ ತಿಳಿಹೇಳುವ ಉತ್ಸಾಹವನ್ನು ತಡೆದುಕೊಳ್ಳಿ. ತಾನು ಕೃತಜ್ಞತೆಯಿಂದ ನೆನೆಯುವ ಘಳಿಗೆಯನ್ನು ಹೊರಗಿನವರು ಬಂದು ಕೆಡಿಸಿದರೆಂದು ಆಕೆಗೆ ಅನ್ನಿಸಿದರೆ ಮುಂದಿನ ಮಾತು ನಿಂತುಹೋಗುತ್ತದೆ.

ಹೆರಿಗೆ ಕೊಠಡಿಯ ಒಳಗಿನದು ಬಹಳ ತಾಳ್ಮೆ ಬೇಡುವ ಭಾಗ. ಜೊತೆಗೆ ಯಾರನ್ನಾದರೂ ಒಳಗೆ ಬಿಟ್ಟರೇ, ಒಳಪರೀಕ್ಷೆಗೆ ಮುನ್ನ ಹೇಳಿ ಕೇಳಿ ಮಾಡಿದರೇ, ಎಷ್ಟು ಮಂದಿ ಮಾಡಿದರು, ಪರದೆ ಇತ್ತೇ, ಕುಡಿಯಲು ನೀರೋ ಚಹವೋ ಕೊಟ್ಟರೇ, ಬ್ಯಾನಿ ತಿನ್ನುವಾಗ ಎದ್ದು ಓಡಾಡಬಹುದಿತ್ತೇ ಅಥವಾ ಅಂಗಾತ ಮಲಗಿರಲೇಬೇಕಿತ್ತೇ ಎಂಬುದನ್ನು ತಿಳಿಯಬೇಕು. ‘ಹೊಟ್ಟಿ ಒತ್ತಿದ್ರು’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ, ಅಲ್ಲಿ ನಿಲ್ಲಬೇಕು. ಕೂಸು ಹೊರಬರುವ ಮೊದಲು ಅದನ್ನು ತಳ್ಳಲೆಂದು ಹೊಟ್ಟೆಯ ಮೇಲೆ ಭಾರ ಹಾಕುವುದು ವಿಶ್ವ ಆರೋಗ್ಯ ಸಂಸ್ಥೆ ಬೇಡವೆಂದ ಕ್ರಮ. ಕೂಸು ಹುಟ್ಟಿದ ಮೇಲೆ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಒತ್ತಿ ನೋಡುವುದು ರಕ್ತಸ್ರಾವವನ್ನು ಬೇಗ ಗುರುತಿಸಲು ಬೇಕೇಬೇಕಾದ ಕ್ರಮ, ನೋವಾದರೂ ಸರಿ. ‘ಕೂಸು ಬರೋಕಿಂತ ಮೊದ್ಲೋ ಆಮ್ಯಾಲೋ?’ ಎಂಬ ಒಂದು ಪ್ರಶ್ನೆ ಕೇಳದೆ ಬಂದವರು ಒಳ್ಳೆಯ ನರ್ಸೊಬ್ಬಳ ಮೇಲೆ ಸುಳ್ಳು ದೂರು ಹೊತ್ತು ಬಂದಿರಬಹುದು. ಹಾಗೆಯೇ ಹೆರಿಗೆಯ ಮೊದಲ ಹಂತದಲ್ಲಿ, ಅಂದರೆ ಗರ್ಭಕೋಶದ ಬಾಯಿ ಪೂರ್ತಿ ತೆರೆಯುವವರೆಗೆ, ಸುಮಾರು ನಾಲ್ಕು ಗಂಟೆಗೊಮ್ಮೆ ಒಳಪರೀಕ್ಷೆ ಮಾಡುವುದು ವಾಡಿಕೆಯ ಆರೈಕೆ. ಬಂದುಹೋದವರೆಲ್ಲ ಕೈ ಹಾಕಿ ನೋಡುವುದು ಬೇರೆ ಮಾತು. ಕೂಸು ಬರಲೆಂದು ಯೋನಿದ್ವಾರವನ್ನು ಕೊಯ್ದು ಹೊಲಿಗೆ ಹಾಕಿದ್ದರೆ ಕೊಯ್ಯುವ ಮೊದಲು ಹೇಳಿದರೇ, ಮರಗಟ್ಟಿಸಿದರೇ ಎಂದು ಕೇಳಿ. ಎಲ್ಲರಿಗೂ ರೂಢಿಯಿಂದ ಕೊಯ್ಯುವುದನ್ನು ಕೂಡ ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ.

ಹೆರಿಗೆಯ ನಂತರದ ಗಂಟೆಗಳನ್ನು ಅವಸರದಲ್ಲಿ ದಾಟಬೇಡಿ. ಕೂಸನ್ನು ಎದೆಯ ಮೇಲೆ ಹಾಕಿದರೇ, ಎಷ್ಟು ಹೊತ್ತಿಗೆ ಹಾಲು ಕುಡಿಸಲು ಕೊಟ್ಟರು, ರಕ್ತ ಎಷ್ಟು ಹೋಗುತ್ತಿದೆ ಎಂದು ಯಾರಾದರೂ ಬಂದು ನೋಡಿದರೇ, ಹೆಣ್ಣೆಂದು ತಿಳಿದಾಗ ಏನಂದರು ಎಂಬುದೆಲ್ಲ ಇಲ್ಲಿ ಬರುತ್ತದೆ. ಕಾಪರ್-ಟಿ ಹಾಕಿದ್ದರೆ ಕೇಳಿ ಹಾಕಿದರೇ ಎಂಬುದನ್ನು ಮೆಲ್ಲಗೆ ವಿಚಾರಿಸಿ, ಏಕೆಂದರೆ ತನಗೆ ಹಾಕಿದ್ದಾರೆಂಬುದು ಕೆಲವರಿಗೆ ತಡವಾಗಿ ತಿಳಿಯುತ್ತದೆ. ಹಣದ ಪ್ರಶ್ನೆಯನ್ನು ‘ಲಂಚ’ ಎಂಬ ಪದ ಬಳಸಿ ಕೇಳಬಾರದು. ‘ಮನ್ಯಾವ್ರ ಕೈಯಿಂದ ಎಷ್ಟು ಖರ್ಚಾತು, ಯಾರ್ಯಾರಿಗೆ ಕೊಟ್ರಿ?’ ಎಂದರೆ ಕೂಸನ್ನು ಒರೆಸಿ ಕೊಟ್ಟವರಿಗೆ ‘ಖುಷಿಗೆ’ ಕೊಟ್ಟದ್ದು, ಹೊರಗಿನ ಔಷಧ ಅಂಗಡಿಯ ಚೀಟಿ, ಬಾಡಿಗೆ ಗಾಡಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಕೇಳಿದ್ದನ್ನು ತೂಗುವುದು

ಬಾಣಂತಿ ಹೇಳಿದ್ದರಲ್ಲಿ ಯಾವುದು ಹಕ್ಕಿನ ಉಲ್ಲಂಘನೆ, ಯಾವುದು ಅನಿವಾರ್ಯ ನೋವು, ಯಾವುದು ಆಸ್ಪತ್ರೆಯ ಕೊರತೆ ಎಂದು ವಿಂಗಡಿಸಲು ನಿಮ್ಮ ಬಳಿ ಅಳತೆಗೋಲು ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ತಾಯಿ ಮತ್ತು ನವಜಾತ ಶಿಶುವಿನ ಆರೈಕೆಗೆ ಎಂಟು ಗುಣಮಟ್ಟಗಳನ್ನು ಗೊತ್ತುಪಡಿಸಿದಾಗ ಕೊಟ್ಟ ಚಿಕಿತ್ಸೆಯಷ್ಟೇ ಮಹತ್ವವನ್ನು ಪಡೆದ ಅನುಭವಕ್ಕೂ ಕೊಟ್ಟಿತು; ತಿಳಿಯುವಂತೆ ಮಾತನಾಡುವುದು, ಗೌರವ ಮತ್ತು ಮರ್ಯಾದೆ, ಮಾನಸಿಕ ಆಸರೆ ಎಂಬ ಮೂರು ಅದರೊಳಗೆ ಬರುತ್ತವೆ. ಹೆರಿಗೆ ಕೊಠಡಿಯಲ್ಲಿ ಹೆಣ್ಣು ಜೊತೆಗಾರ್ತಿ ಇರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಅವಕಾಶ ಮಾಡಿದೆ. 2017ರ ಡಿಸೆಂಬರಿನಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೊಠಡಿಯ ಗುಣಮಟ್ಟಕ್ಕೆಂದೇ ರೂಪಿತವಾದದ್ದು. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಹೋಗಿಬರುವ ವಾಹನ ಎಲ್ಲವೂ ಉಚಿತ. ಊಟವನ್ನು ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನದವರೆಗೆ ಕೊಡಬೇಕು. ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಸಭೆಯಲ್ಲಿ ಮಾತಿಗೆ ಬಲ ಬರುತ್ತದೆ.

ಅನುಭವದ ಮಾತಿಗೆ ಒಂದು ಮಿತಿಯೂ ಇದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ನಂತರ ಒಬ್ಬರು ತೀರಿಕೊಂಡಾಗ ರಕ್ತನಾಳದ ಮೂಲಕ ಕೊಡುವ ದ್ರಾವಣದ ಗುಣಮಟ್ಟವೇ ಪ್ರಶ್ನೆಗೆ ಒಳಗಾಯಿತು. ತನ್ನ ತೋಳಿಗೆ ಏರುತ್ತಿರುವ ಬಾಟಲಿಯಲ್ಲಿ ಏನಿದೆ ಎಂಬುದನ್ನು ಯಾವ ಹೆಣ್ಣುಮಗಳೂ ಅರಿಯಲಾರಳು. ನಗುಮುಖದಿಂದ ಮಾತನಾಡಿಸಿದ ವಾರ್ಡಿನಲ್ಲೂ ಅಪಾಯ ಇರಬಹುದು. ಔಷಧದ ತಪಾಸಣೆ, ತಾಯಿ ಮರಣದ ವಿಶ್ಲೇಷಣೆ ಇವುಗಳ ಜಾಗದಲ್ಲಿ ನಿಮ್ಮ ಹಾಳೆಗಳು ನಿಲ್ಲಲಾರವು, ಹಾಗೆ ನಿಲ್ಲುತ್ತವೆಂದು ಸಭೆಯಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ.

ಬರೆದಿಡುವುದು ಮತ್ತು ಮುಟ್ಟಿಸುವುದು

ಆಕೆಯ ಮಾತನ್ನು ಆಕೆಯ ಮಾತಿನಲ್ಲೇ ಬರೆಯಿರಿ. ‘ದನದಂಗ ಬಿದ್ದಿದ್ನಿ’ ಎಂದದ್ದನ್ನು ‘ಘನತೆಯ ಕೊರತೆ’ ಎಂದು ಶುದ್ಧಗೊಳಿಸಿದರೆ ಓದಿದ ಅಧಿಕಾರಿಗೆ ಏನೂ ತಾಗುವುದಿಲ್ಲ. ಮೊಬೈಲಿನಲ್ಲಿ ಧ್ವನಿ ಮುದ್ರಿಸುವುದನ್ನು ನಾನು ಸಾಮಾನ್ಯವಾಗಿ ತಪ್ಪಿಸುತ್ತೇನೆ; ಮುದ್ರಣ ಕೈಯಿಂದ ಕೈಗೆ ಹೋದರೆ ತಡೆಯುವವರಿಲ್ಲ. ಹೆಸರನ್ನು ತೆಗೆದರಷ್ಟೇ ಸಾಲದು. ತಿಂಗಳಿಗೆ ಬೆರಳೆಣಿಕೆಯ ಹೆರಿಗೆಗಳಾಗುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ‘ಅವಳಿ ಕೂಸು, ಅಮಾವಾಸ್ಯೆಯ ರಾತ್ರಿ’ ಎಂದರೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಆದ್ದರಿಂದ ದಿನಾಂಕ, ಊರು, ಕೂಸಿನ ವಿವರಗಳನ್ನು ಮಸುಕುಗೊಳಿಸಿ, ಹಲವು ತಿಂಗಳ ಮಾತುಗಳನ್ನು ಒಟ್ಟುಗೂಡಿಸಿದ ಮೇಲೆಯೇ ಹೊರಗೆ ತನ್ನಿ. ಹನ್ನೆರಡು ಮಂದಿಯನ್ನು ಕೇಳಿ ಶೇಕಡಾವಾರು ಲೆಕ್ಕ ಹಾಕಬಾರದೆಂಬುದನ್ನೂ ಸೇರಿಸುತ್ತೇನೆ.

ಮೊದಲು ಮುಟ್ಟಿಸಬೇಕಾದದ್ದು ಅಲ್ಲಿನ ಸಿಸ್ಟರ್‌ಗಳಿಗೆ, ಮೇಲಧಿಕಾರಿಗೆ ಅನಂತರ. ರಾತ್ರಿ ಪಾಳಿಯಲ್ಲಿ ಒಬ್ಬಳೇ ನರ್ಸು ಹೆರಿಗೆ ಕೊಠಡಿ, ವಾರ್ಡು, ದಾಖಲೆ ಪುಸ್ತಕ ಮೂರನ್ನೂ ನೋಡಿಕೊಳ್ಳುವ ಸ್ಥಿತಿ ಇದ್ದರೆ ಅವಳ ಬಾಯಿಂದ ಬಂದ ಒರಟು ಮಾತಿಗೆ ಅವಳೊಬ್ಬಳನ್ನೇ ಹೊಣೆ ಮಾಡುವುದು ಅನ್ಯಾಯ. ಏಟನ್ನು ಅದರ ನೆಪದಲ್ಲಿ ಕ್ಷಮಿಸುವುದು ಕೂಡ ಅನ್ಯಾಯವೇ. ‘ಬಾಣಂತಿಯರು ಹೀಗೆ ಹೇಳಿದ್ದಾರೆ, ನಿಮಗೆ ಅಡ್ಡಿಯಾಗುತ್ತಿರುವುದು ಏನು?’ ಎಂದು ಕೇಳಿದಾಗ ಪರದೆಯ ಬಟ್ಟೆ ಬಂದಿಲ್ಲ, ಜೊತೆಗಾರ್ತಿಗೆ ಕೂರಲು ಸ್ಟೂಲಿಲ್ಲ ಎಂಬಂಥ ಸಣ್ಣ ಸಂಗತಿಗಳು ಹೊರಬರುತ್ತವೆ. ಇವುಗಳನ್ನು ಆಸ್ಪತ್ರೆಯ ಮೇಲ್ವಿಚಾರಣೆಗೆಂದು ಇರುವ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಇಟ್ಟರೆ ಆ ಸಮಿತಿಯ ನಿಧಿಯಲ್ಲೇ ಬಗೆಹರಿಯಬಹುದು. ಹೆಸರು ಹೇಳಿ ಪರಿಚಯಿಸಿಕೊಳ್ಳುವುದು, ಮುಟ್ಟುವ ಮೊದಲು ಹೇಳುವುದು, ನೀರು ಕೊಡುವುದು ಇವಕ್ಕೆ ನಿಧಿಯೂ ಬೇಡ.

ಹೊಡೆತ, ಹಣಕ್ಕಾಗಿ ಕೂಸನ್ನು ತಡೆಹಿಡಿಯುವುದು, ಒಪ್ಪಿಗೆಯಿಲ್ಲದ ಶಸ್ತ್ರಚಿಕಿತ್ಸೆಯಂಥ ಗಂಭೀರ ಸಂಗತಿಗಳು ಈ ಒಟ್ಟು ವರದಿಯಲ್ಲಿ ಕಳೆದುಹೋಗಬಾರದು. ಅವಕ್ಕೆ ತಾಲ್ಲೂಕು ಆರೋಗ್ಯಾಧಿಕಾರಿಗೋ ಜಿಲ್ಲಾ ಆರ್‌ಸಿಎಚ್ (ತಾಯಿ ಮತ್ತು ಮಕ್ಕಳ ಆರೋಗ್ಯ) ಅಧಿಕಾರಿಗೋ ಪ್ರತ್ಯೇಕ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. 104 ಆರೋಗ್ಯ ಸಹಾಯವಾಣಿಗೂ ಹೇಳಬಹುದು. ಆದರೆ ದೂರು ಕೊಡುವ ನಿರ್ಧಾರ ಬಾಣಂತಿಯದು. ಆಕೆ ಬೇಡವೆಂದರೆ ನಿಮ್ಮ ಕೋಪ ನಿಮ್ಮಲ್ಲೇ ಇರಲಿ.

ಇಷ್ಟಾದ ಮೇಲೆ, ಸಭೆಯಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂಬುದನ್ನು ಹೇಳಲು ಮಾತನಾಡಿದ ಪ್ರತಿ ಮನೆಗೂ ಮತ್ತೊಮ್ಮೆ ಹೋಗಿ. ಪರದೆ ಬಂತು, ಜೊತೆಗಾರ್ತಿಯನ್ನು ಬಿಡುವ ವಿಷಯ ಇನ್ನೂ ಇತ್ಯರ್ಥವಾಗಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಆಕೆಯ ಮಾತನ್ನು ನೀವು ಬರೆದುಕೊಂಡ ರೀತಿಯಲ್ಲೇ ಓದಿ ಹೇಳಿ, ತೆಗೆಯಬೇಕೆಂದದ್ದನ್ನು ಅವಳ ಎದುರಿಗೇ ಹೊಡೆದುಹಾಕಿ.